ಒಂಬತ್ತನೆಯ ಕುರ್ಚಿ

ನಮ್ಮ ಮನೆಯಲ್ಲಿರುವುದು ಎಂಟು ಕುರ್ಚಿ. ಎಂಟೂ ಸೂರಿಗೆ ಅಂಟಿಕೊಂಡಿವೆ, ಕಾಲು ಮೇಲಕ್ಕೆ, ಒರಗು ಕೆಳಕ್ಕೆ. ಊಟದ ಮೇಜು, ಮಂಚ, ಚಪ್ಪಲಿ ಸ್ಟ್ಯಾಂಡ್ ಎಲ್ಲವೂ ಅಲ್ಲೇ. ಸೂರಿನಲ್ಲಿರಬೇಕಾದ ಫ್ಯಾನು ಮಾತ್ರ ನೆಲದ ನಡುವೆ ನಿಂತಿದೆ. ವಾರಕ್ಕೊಬ್ಬರಾದರೂ ಅದನ್ನು ಎಡವುತ್ತಾರೆ.

ಅಪ್ಪ ಬಡಗಿ. ಹೆದ್ದಾರಿಯ ಪಕ್ಕದ ನಮ್ಮ ಜಾಗದಲ್ಲಿ ಒಂದು ಗಾಡಿಯೂ ನಿಲ್ಲುವುದಿಲ್ಲವೆಂದು ಹಟಕ್ಕೆ ಬಿದ್ದು ಈ ತಲೆಕೆಳಗಾದ ಮನೆ ಕಟ್ಟಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಅಪ್ಪ ಮೊದಲನೆಯದನ್ನು ಉಲ್ಟಾ ಮಾಡಿ ನೋಡಿದರು, ಎರಡನೆಯದನ್ನು ಮಾಡುವ ಮೊದಲೇ ತೀರಿಕೊಂಡರು. ಈಗ ಬಂದವರಿಗೆ ಮನೆ ತೋರಿಸಲು ನಾನು, ಟಿಕೆಟ್ ಹರಿಯಲು ಅಪ್ಪನ ಅಕ್ಕ, ನನ್ನ ಅತ್ತೆ.

ಆ ಮನುಷ್ಯ ಮನೆ ನೋಡಲು ಮೊದಲ ಸಲ ಬಂದ ಮಧ್ಯಾಹ್ನ ನಾನು ಏಣಿ ಹತ್ತಿ ಧೂಳು ಹೊಡೆಯುತ್ತಿದ್ದೆ.

"ನಿಮ್ಮ ಮನೇಲಿ ಧೂಳೂ ಮೇಲಕ್ಕೇ ಬೀಳುತ್ತಾ?" ಕೆಳಗಿನಿಂದ ಒಂದು ದನಿ.

"ಇಲ್ಲ, ಪ್ರಶ್ನೆ ಕೇಳೋರ ತಲೆ ಮೇಲೆ ಬೀಳುತ್ತೆ. ಸ್ವಲ್ಪ ಪಕ್ಕಕ್ಕೆ ಬನ್ನಿ."

ಅಷ್ಟರಲ್ಲಿ ಬಿದ್ದೇ ಬಿಟ್ಟಿತ್ತು. ಏಳು ಸಲ ಸೀನಿದರು. ಪ್ರತಿ ಸೀನಿಗೂ 'ಸಾರಿ' ಅಂದರು. ಏಳನೆಯ ಸಾರಿಗೆ ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು.

ದಾರಿಬದಿಯ ಸೋಜಿಗಗಳ ಬಗ್ಗೆ ವರ್ಷಕ್ಕೊಮ್ಮೆ ಬರುವ ಒಂದು ಕೈಪಿಡಿಗೆ ಅವರು ಪರೀಕ್ಷಕರು. ಇಂಥ ಜಾಗ ನಿಜವಾಗಿ ಇದೆಯೇ, ಯಾವ ದಿನ ರಜೆ, ಒಳಗೆ ಏನೇನಿದೆ ಎಂದು ಕಣ್ಣಾರೆ ನೋಡಿ ಬರೆಯುವ ಕೆಲಸ. ಆ ದಿನ ಅವರ ಬಾಯಲ್ಲಿ ಎಷ್ಟೊಂದು ಊರು ಕೇಳಿದೆ! ಬಸ್ಸುಗಳಲ್ಲಿ ಜನ ಮರೆತುಹೋದ ಕೊಡೆಗಳ ಮ್ಯೂಸಿಯಂ ಒಂದು ಕಡೆ. ಸೈಕಲ್ ನುಂಗಿಕೊಂಡು ಬೆಳೆದ ಮರ ಇನ್ನೊಂದು ಕಡೆ. ಮತ್ತೊಂದೂರಿನ ಸರ್ಕಲ್ಲಿನಲ್ಲಿ ಎರಡಾಳೆತ್ತರದ ಸಿಮೆಂಟಿನ ಆಲೂಗಡ್ಡೆ. ಯಾಕೆ ಮಾಡಿದರೆಂದು ಊರವರಿಗೂ ಗೊತ್ತಿಲ್ಲವಂತೆ.

"ನೀವು ಇದರಲ್ಲಿ ಯಾವ್ದಾದ್ರೂ ನೋಡಿದೀರಾ?"

"ನಾನೇ ಜನ ನೋಡೋಕೆ ಬರೋ ಜಾಗದಲ್ಲಿದೀನಿ. ಇಲ್ಲಿಂದ ಎಲ್ಲಿಗೆ ಹೋಗ್ಲಿ?"

ಇನ್ನು ಬರುವುದು ಯಾವಾಗ ಎಂದು ಕೇಳಿದೆ. ಬರುವುದಿಲ್ಲ, ಒಂದು ಜಾಗಕ್ಕೆ ಒಂದೇ ಸಲ, ಬರೆದದ್ದು ತಪ್ಪೆಂದು ಓದುಗರು ಪತ್ರ ಹಾಕಿದರೆ ಮಾತ್ರ ಮತ್ತೆ ಬಂದು ನೋಡಬೇಕು ಅಂದರು. ಮಾಲೀಕರ ಪತ್ರಕ್ಕೆ ಆಫೀಸಿನಲ್ಲಿ ಬೆಲೆಯಿಲ್ಲವಂತೆ. ನನ್ನ ಮುಖ ಸಪ್ಪಗಾದದ್ದನ್ನು ಅತ್ತೆ ಟಿಕೆಟ್ ಕಿಟಕಿಯಿಂದಲೇ ನೋಡಿದರು.

ಆ ವರ್ಷದ ಕೈಪಿಡಿ ಬಂತು. ತೆಗೆದು ನೋಡಿದರೆ, 'ಸೂರಿನಲ್ಲಿ ಒಂಬತ್ತು ಕುರ್ಚಿಗಳು'!

ದೇವರು ವರ ಕೊಟ್ಟ ಹಾಗಾಯಿತು. ಅವತ್ತೇ ನಾನು ನಿವೃತ್ತ ಪೋಸ್ಟ್‌ಮಾಸ್ಟರ್ ಆದೆ. 'ಒಂಬತ್ತನೆಯದನ್ನು ಹುಡುಕಿ ನನ್ನ ಕುತ್ತಿಗೆ ಉಳುಕಿದೆ, ನಿಮ್ಮ ಪರೀಕ್ಷಕರಿಗೆ ಎಣಿಸಲು ಬರುವುದಿಲ್ಲವೇ?' ಎಂದು ಖಾರವಾಗಿ ಬರೆದು ಹಾಕಿದೆ. ಎರಡು ತಿಂಗಳಿಗೆ ಅವರು ಬಾಗಿಲಲ್ಲಿದ್ದರು.

"ಬಂದ ನೋಡು ನಿನ್ನ ತಪ್ಪುಲೆಕ್ಕ," ಅಂದರು ಅತ್ತೆ. ಅಂದಿನಿಂದ ಅವರ ಹೆಸರು ನಮ್ಮಲ್ಲಿ ಅದೇ ಆಯಿತು.

ಪ್ರತಿ ವರ್ಷವೂ ಏನಾದರೊಂದು ತಪ್ಪು ಅಚ್ಚಾಗುತ್ತಿತ್ತು. ಮಂಗಳವಾರದ ರಜೆ ಸೋಮವಾರಕ್ಕೆ ಹೋಯಿತು. ನೀಲಿ ಬಾಗಿಲು ಹಸಿರಾಯಿತು. ಇಂಥ ಮೈಮರೆವಿನ ಮನುಷ್ಯನನ್ನು ಕೆಲಸಕ್ಕಿಟ್ಟುಕೊಂಡವರ ಹೊಟ್ಟೆ ತಣ್ಣಗಿರಲಿ ಎಂದು ನಾನು ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯಾದೆ, ಒಮ್ಮೆ ಮೂರು ಮಕ್ಕಳ ತಾಯಿಯಾದೆ. ಕೋಪ ಜಾಸ್ತಿಯಿದ್ದಷ್ಟೂ ಅವರು ಬೇಗ ಬರುತ್ತಾರೆಂದು ಕಂಡುಕೊಂಡೆ. ಹಾಗಾಗಿ ಪತ್ರದಿಂದ ಪತ್ರಕ್ಕೆ ಖಾರ ಏರಿಸುತ್ತ ಹೋದೆ.

ಬಂದಾಗಲೆಲ್ಲ ಎಲ್ಲವನ್ನೂ ಹೊಸದಾಗಿ ಎಣಿಸುತ್ತಿದ್ದರು. ಎಣಿಸುವಾಗ ತುಟಿ ಅಲುಗುತ್ತಿತ್ತು. ಐದರ ತನಕ ಸರಿಯಾಗಿ ಹೋಗಿ, ಆಮೇಲೆ ಕಣ್ಣು ಸೂರಿನಿಂದ ಇಳಿದು ನನ್ನ ಮೇಲೆ ಬಂದು ನಿಲ್ಲುತ್ತಿತ್ತು. ನಾನು ನೋಡಿದರೆ ತಟ್ಟನೆ ಮೇಲಕ್ಕೆ. ಮತ್ತೆ ಒಂದರಿಂದ ಶುರು.

"ಎಂಟು ಎಣಿಸೋಕೆ ಎಂಟು ಸಲ ಬೇಕಾ?" ಅತ್ತೆ ಗೊಣಗುತ್ತಿದ್ದರು. "ಇಂಥೋನ ಕೈಗೆ ಮಕ್ಕಳನ್ನ ಕೊಟ್ರೆ ಸಂಜೆಗೆ ಒಂದು ಕಮ್ಮಿ ಇರುತ್ತೆ."

ಮಕ್ಕಳು ಎಂಬ ಮಾತಿಗೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದೆವು.

ನಾಲ್ಕನೆಯ ಸಲ ಬಂದಾಗ ಬೈಕಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೇಳಿದರು. "ಒಂದು ಮಂಗಳವಾರ ಆ ಆಲೂಗಡ್ಡೆ ನೋಡೋಕೆ ಬರ್ತೀರಾ? ಬೈಕಲ್ಲಿ ಮೂರು ಗಂಟೆ, ಅಷ್ಟೇ."

ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ನನ್ನ ನಾಲಿಗೆಗೆ ಅಪ್ಪನ ಹಟ ಬಂದಿದೆ. ಇನ್ನೊಂದು ಸಲ ಕೇಳಲಿ ಅನ್ನಿಸಿತು.

"ಮೊದ್ಲು ಎಣಿಸೋದು ಕಲೀರಿ. ಆಮೇಲೆ ನೋಡೋಣ."

ಅವರು ನಕ್ಕರು. ಇನ್ನೊಂದು ಸಲ ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರುವ ವರ್ಷ ಬರುತ್ತಾರಲ್ಲ, ಆಗ ನಾನೇ ಕೇಳುತ್ತೇನೆ ಎಂದುಕೊಂಡು ನಾಲ್ಕನೆಯ ಪತ್ರ ಬರೆದೆ, ಎಲ್ಲಕ್ಕಿಂತ ಖಾರವಾದದ್ದು.

ಮೊನ್ನೆ ಮಂಗಳವಾರ ಬಂದರು. ಈ ಸಲ ತಲೆ ಎತ್ತಿ ಕುರ್ಚಿಗಳನ್ನು ನೋಡಲೇ ಇಲ್ಲ. ಅತ್ತೆ ಟೀ ಮಾಡಲು ಹಿತ್ತಲಲ್ಲಿ ನಾವು ವಾಸವಿರುವ ಮನೆಗೆ ಹೋದ ಮೇಲೆ ಚೀಲದಿಂದ ಒಂದು ಫೈಲ್ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಮುಂದಿನ ಕೈಪಿಡೀಲಿ ನಿಮ್ಮ ಮನೆ ಇರಲ್ಲ," ಅಂದರು. "ಇಷ್ಟು ದೂರು ಬಂದಿರೋ ಜಾಗ ಇನ್ನೊಂದಿಲ್ಲ ಅಂತ ತೆಗೆದುಹಾಕಿದಾರೆ. ನನ್ನನ್ನೂ ಓಡಾಟದಿಂದ ತೆಗೆದು ಆಫೀಸಲ್ಲಿ ಕೂರಿಸಿದಾರೆ. ಹೋದ ವಾರ ಈ ಪತ್ರಗಳನ್ನ ತೋರಿಸಿದ್ರು. ಅಲ್ಲೀವರೆಗೂ ನಾನು ನೋಡಿರ್ಲಿಲ್ಲ. ಹೋಗಿ ನೋಡಿ ಬಾ ಅಂತ ಒಂದು ಚೀಟಿ ಬರ್ತಿತ್ತು, ಅಷ್ಟೇ."

ನಾಲ್ಕೂ ಪತ್ರ ಬಿಡಿಸಿ ಸಾಲಾಗಿ ಇಟ್ಟರು. ನಾಲ್ಕು ಹೆಸರು, ನಾಲ್ಕು ಬಗೆಯ ಕೈಬರಹ. ಒಂದೊಂದರಲ್ಲೂ ಒಂದು ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. 'ಖುರ್ಚಿ'.

ಆಮೇಲೆ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಅಪ್ಪ ಬರೆದು, ನಾನು ವರ್ಷ ವರ್ಷ ಬಣ್ಣ ತುಂಬುವ ಬೋರ್ಡು. 'ದಯವಿಟ್ಟು ಖುರ್ಚಿ ಮುಟ್ಟಬೇಡಿ'.

"ಪೋಸ್ಟ್‌ಮಾಸ್ಟರೂ ಖ ಹಾಕ್ತಾರೆ, ಮದುಮಗಳೂ ಖ ಹಾಕ್ತಾಳೆ. ಆಗ ಗೊತ್ತಾಯ್ತು."

ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. "ನಿಮ್ಮ ಕೆಲ್ಸಕ್ಕೇ ಕಲ್ಲು ಹಾಕಿದೆ. ನೀವು ಬರ್ಲಿ ಅಂತಷ್ಟೇ ಬರೆದಿದ್ದು..."

"ನಾನು ತಪ್ಪು ಬರೀತಿದ್ದದ್ದೂ ಅದಕ್ಕೇ," ಅಂದರು. "ಮೊದಲನೇ ವರ್ಷ ಮಾತ್ರ ನಿಜವಾಗಿ ತಪ್ಪಿತು. ಏಣಿ ಮೇಲೆ ನೀವಿದ್ರಿ, ನಿಮ್ಮನ್ನೂ ಸೇರಿಸಿ ಎಣಿಸಿಬಿಟ್ಟೆ. ಯಾರೋ ದೂರು ಹಾಕಿದ್ರು, ಮತ್ತೆ ಬರೋಕಾಯ್ತು. ಆಮೇಲೆ ಪ್ರತಿ ವರ್ಷ ಬೇಕಂತಲೇ ಒಂದು ತಪ್ಪು ಬಿಡ್ತಿದ್ದೆ. ಯಾರಾದ್ರೂ ಪುಣ್ಯಾತ್ಮರು ಪತ್ರ ಹಾಕ್ಲಿ ಅಂತ."

ನಾನು ಜೋರಾಗಿ ನಕ್ಕೆ. ನಗುತ್ತಲೇ ಹತ್ತಿರ ಹೋದೆ. ಹೋದ ಮೇಲೆ ಕಂಡಿತು, ಅವರು ನಗುತ್ತಿರಲಿಲ್ಲ.

"ನನ್ನ ಅಕ್ಕ ಒಂದು ಸಂಬಂಧ ನೋಡಿದ್ಲು. ಒಂದೂವರೆ ತಿಂಗಳಾಯ್ತು. ನಿಮಗೆ ನನ್ನ ಕಂಡ್ರೆ ತಮಾಷೆ ಅಷ್ಟೇ ಅಂದ್ಕೊಂಡಿದ್ದೆ. ಒಪ್ಕೊಂಡೆ."

ಹೊರಗೆ ಲಾರಿಯೊಂದು ಹಾದುಹೋಯಿತು. ಸೂರಿನ ಬೋಲ್ಟುಗಳು ಸಣ್ಣಗೆ ಕಿರುಗುಟ್ಟಿದವು.

"ಅವರು... ಹೇಗಿದಾರೆ?"

"ನರ್ಸು. ಹಿಂದೆ ಒಂದು ಮದುವೆ ಗೊತ್ತಾಗಿ ಕೊನೇ ವಾರದಲ್ಲಿ ಮುರಿದುಹೋಗಿದೆ. ನನ್ನನ್ನ ಕೇಳಿದ್ದು ಒಂದೇ ಮಾತು. ನೀವೂ ಕೊನೇಲಿ ಬೇಡ ಅನ್ನಲ್ಲ ತಾನೆ, ಅಂತ."

"ನೀವು ಏನಂದ್ರಿ?"

"ಅನ್ನಲ್ಲ ಅಂದೆ."

ಆ ಹುಡುಗಿಯನ್ನು ದ್ವೇಷಿಸಲು ನೋಡಿದೆ. ಎಷ್ಟು ಪ್ರಯತ್ನಪಟ್ಟರೂ ಕಣ್ಣಿಗೆ ಬಂದದ್ದು, ಯೂನಿಫಾರ್ಮಿನಲ್ಲಿ ನಿಂತು ಆ ಒಂದು ಮಾತು ಕೇಳುತ್ತಿರುವ ಯಾರೋ.

ಅವರು ಫೈಲ್ ಮುಚ್ಚಿದರು. ನನ್ನ ಮುಖ ನೋಡಿದರು. ಐದು ವರ್ಷದಲ್ಲಿ ಮೊದಲ ಸಲ ಕಣ್ಣು ಬೇರೆ ಕಡೆ ಓಡಲಿಲ್ಲ.

"ನೀನು ನಿಲ್ಲು ಅಂದ್ರೆ ನಿಲ್ತೀನಿ. ಅವಳ ಹತ್ರ ಹೋಗಿ ನಾನೇ ಹೇಳ್ತೀನಿ. ಅನ್ನು."

ನೀವು ಹೋಗಿ ನೀನು ಆಗಿತ್ತು. ನನಗೆ ಅವರು ಬೇಕಾಗಿದ್ದರು. ಮನೆ ಬೇಡ, ಕೈಪಿಡಿ ಬೇಡ, ಅವರು ಬೇಕಾಗಿದ್ದರು. ಆದರೆ ಕೊಟ್ಟ ಮಾತನ್ನು ನನಗಾಗಿ ಮುರಿದು ಬಂದವರು ನನ್ನ ಎದುರು ಹೇಗೆ ಕೂರುತ್ತಾರೆ, ನಾನು ಹೇಗೆ ಕೂರುತ್ತೇನೆ ಎಂದು ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತೇನೋ, ಗೊತ್ತಿಲ್ಲ.

"ಹೋಗು," ಅಂದೆ.

ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ.

ಅವರು ಫೈಲನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದರು. ಬಂದ ಗಾಬರಿಯಲ್ಲಿ ಬೈಕಿನ ಲೈಟು ಆರಿಸುವುದನ್ನೇ ಮರೆತಿದ್ದರು. ಹಳೆಯ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಸ್ವಿಚ್ ಒತ್ತಿದರು, ಒದ್ದರು, ಮತ್ತೆ ಒತ್ತಿದರು. ನನ್ನ ಕಡೆ ತಿರುಗಲಿಲ್ಲ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು.

ಟೀ ಲೋಟ ಹಿಡಿದು ಬಂದ ಅತ್ತೆ ನನ್ನ ಮುಖ ನೋಡಿ ಅದನ್ನು ಮೆಟ್ಟಿಲ ಮೇಲಿಟ್ಟರು.

"ಗೇರ್ ಹಾಕಿ, ಕ್ಲಚ್ ಹಿಡ್ಕೊಳ್ಳಿ," ಅಂದೆ. "ನಾನು ತಳ್ತೀನಿ."

ನಮ್ಮ ಗೇಟಿನಿಂದ ಹೆದ್ದಾರಿಯ ತನಕ ಇಳಿಜಾರು. ಹಿಂದಿನ ಸೀಟಿಗೆ ಎರಡೂ ಕೈ ಕೊಟ್ಟು ತಳ್ಳಿದೆ. ಮೂರು ಗಂಟೆಯ ದಾರಿಗೆ ನಾನು ಕೂರಬೇಕಾಗಿದ್ದ ಸೀಟು ಅದು. ಬೈಕು ಗುರ್ ಎಂದು ನಿಂತಿತು. ಇನ್ನೊಮ್ಮೆ ತಳ್ಳಿದೆ. ಮೂರನೆಯ ಸಲ ಚಪ್ಪಲಿ ಬಿಟ್ಟು ಓಡುತ್ತ ತಳ್ಳಿದೆ, ಇದ್ದಬದ್ದ ಬಲವೆಲ್ಲ ಹಾಕಿ ತಳ್ಳಿದೆ. ಎಂಜಿನ್ ಹಿಡಿದುಕೊಂಡಿತು. ಸೀಟು ನನ್ನ ಅಂಗೈಯಿಂದ ಜಾರಿಹೋಯಿತು.

ಸ್ವಲ್ಪ ಮುಂದೆ ಹೋಗಿ ಅವರು ವೇಗ ಕಡಿಮೆ ಮಾಡಿದರು, ಕಾಲು ನೆಲಕ್ಕೆ ಇಳಿಯಿತು. ಈಗ ನಿಲ್ಲಿಸಿದರೆ ಬೈಕು ಆರಿಹೋಗುತ್ತದೆ, ಆರಿದರೆ ಇನ್ನೊಂದು ಸಲ ತಳ್ಳುವ ಶಕ್ತಿ ನನಗಿರಲಿಲ್ಲ.

"ನಿಲ್ಲಿಸ್ಬೇಡಿ!" ಎಂದು ಕೂಗಿದೆ.

ಅವರು ನಿಲ್ಲಿಸಲಿಲ್ಲ.