ಶಂಕ್ರವ್ವನ ಕೊಂಡಿ

ನಿವೃತ್ತಿಯಾದ ಮರುವಾರ ನಾನು ಹೆಂಡತಿ ಶಂಕ್ರವ್ವನನ್ನು ಕರೆದುಕೊಂಡು ಇಳಕಲ್‌ನಿಂದ ನಸುಕಿನಲ್ಲೇ ಹೊರಟು, ಸಮುದ್ರದ ದಂಡೆಯ ಹಳೇ ಕೋಟೆ ನೋಡಲು ಹೋಗಿದ್ದೆ.

"ಒಳಗಿನ ಬಾವಿಗೆ ಬಗ್ಗಬೇಡಿ, ಮಾರಾಯ್ರೆ. ಬಗ್ಗಿದವರ ಕೈಕಸುಬನ್ನು ಅದರೊಳಗಿನ ದೆವ್ವ ಕಿತ್ತುಕೊಳ್ತದೆ," ಎಂದಳು ಎಳನೀರು ಮಾರುವವಳು.

"ನಿಮ್ಮ ದೆವ್ವಕ್ಕ ನಮ್ಮೂರ ಬಿಸಲು ತೋರಸ್ರಿ. ಒಂದ ದಿನಕ್ಕ ಓಡಿಹೋಗ್ತದ," ಎಂದು ನಕ್ಕೆ. ಉಪ್ಪುಗಾಳಿಗೆ ಬುದ್ಧಿಯೂ ತುಕ್ಕು ಹಿಡಿಯುತ್ತದೆಂದು ಕಾಣುತ್ತದೆ.

ಶಂಕ್ರವ್ವ ಬಗ್ಗಿದಳು. ನೀರಿಲ್ಲದ ಬಾವಿಯ ತಳದಿಂದ ಮಗ್ಗದ ಸದ್ದು ಬಂತು.

"ಯಾರೋ ನೇಯಾಕತ್ತಾರ್ರಿ."

"ಕಪ್ಪಿ ಒದರಾಕತ್ತಿರಬೇಕು. ನಡಿ, ಹುಚ್ಚಿ," ಎಂದು ಕೈ ಹಿಡಿದೆಳೆದೆ. ಸುಡುವ ಮಧ್ಯಾಹ್ನದಲ್ಲಿ ಆ ಕೈ ತಣ್ಣಗಿತ್ತು.

ಆ ಕರಾವಳಿಯವರ ಅಡಗೂಲಜ್ಜಿ ಕಥೆಯನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸಿ ಕೊಂಡಿ ಹಾಕುವುದರಲ್ಲಿ ಶಂಕ್ರವ್ವ ಇಡೀ ಓಣಿಗೇ ಹೆಸರಾದವಳು. ಊರಿಗೆ ಮರಳಿದ ಮರುದಿನ ಮಗ್ಗದ ಮುಂದೆ ಕೂತು, ಎಳೆಗಳನ್ನು ಬಹಳ ಹೊತ್ತು ನೋಡಿ, ನನ್ನನ್ನು ಕರೆದಳು.

"ಇದನ್ನ ಹೆಂಗ ಹಾಕ್ತಾರ್ರಿ?"