ಮೌನದಲ್ಲಿ ಕೇಳಿದ ಚಪ್ಪಲಿ

ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇರಲಿಲ್ಲ.

ಕೇತಕಿ ಇಂಗವಲೆ ಎರಡು ಸಲ ಬೆರಳಾಡಿಸಿ ನೋಡಿದಳು. ಹನ್ನೆರಡು ನಿಮಿಷದ ದೆವ್ವದ ಚಿತ್ರ ಅವಳದು. ಮೂರು ದಿನದ ಚಿತ್ರೀಕರಣ ಆ ಒಂದೇ ಕಾರ್ಡಿನಲ್ಲಿತ್ತು. ನಕಲು ತೆಗೆದಿರಲಿಲ್ಲ. ಕೊಲ್ಹಾಪುರದ ಈ ಹಳೆಯ ವಾಡೆ ಮನೆ ಸಂಜೆಯವರೆಗೆ ಮಾತ್ರ ಅವರ ಕೈಯಲ್ಲಿ. ನಾಳೆ ಇಲ್ಲಿ ಮದುವೆ.

"ಊಟಕ್ಕೆ ಹೋಗುವಾಗ ಇತ್ತಕ್ಕಾ, ದೇವರಾಣೆ," ಎಂದ ದಿಗ್ವಿಜಯ. ಕ್ಯಾಮೆರಾ ಅವನದು, ಅವನು ಅವಳ ಚಿಕ್ಕಪ್ಪನ ಮಗ.

"ದೆವ್ವದ ಚಿತ್ರಕ್ಕೆ ದೇವರಾಣೆ ಯಾಕೋ? ರೆಕಾರ್ಡರ್ ಆಫ್ ಮಾಡಿದ್ಯಾ?"

ಮಾಡಿರಲಿಲ್ಲ, ಊಟದ ಹೊತ್ತಿನಲ್ಲೂ ಅದು ಓಡುತ್ತಲೇ ಇತ್ತು. ಖಾಲಿ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಇವರ ರೂಢಿ. ಮಾತು ಮಾತಿನ ನಡುವೆ ತುಂಬಲು ಅದು ಬೇಕು.

ಕೇತಕಿ ಹೆಡ್‌ಫೋನ್ ಏರಿಸಿದಳು. ಮೌನ. ಪಾರಿವಾಳದ ರೆಕ್ಕೆ. ಆಮೇಲೆ ಕರ್, ಕರ್, ಕರ್.

*

ಹಾಗೆ ಕರ್ ಕರ್ ಎನ್ನುವ ಚಪ್ಪಲಿ ಅಲ್ಲಿ ಒಬ್ಬರದೇ. ವಾಡೆಯ ಯಜಮಾನ ಅಣ್ಣಾಸಾಹೇಬ ಮಗದೂಮ ಅದನ್ನು ಸದ್ದು ಬರಲೆಂದೇ ಹೊಲಿಸಿಕೊಂಡಿದ್ದರು.

"ಕಳ್ಳತನಕ್ಕೆ ಹೋಗೋನು ಡೋಲು ಬಡ್ಕೊಂಡು ಹೋಗ್ತಾನೇನವ್ವಾ?" ಊರುಗೋಲು ಟಕ್ ಟಕ್ ಎನ್ನಿಸುತ್ತ ಅವರು ಹಿತ್ತಿಲಿನಿಂದ ಬಂದರು. "ಚಪ್ಪಲಿ ಬಾಗಿಲಲ್ಲಿ ಬಿಟ್ಟು ಊಟಕ್ಕೆ ಕೂತು ಮಟನ್ ರಸ್ಸಾ ಕುಡೀತಿದ್ದೆ."

"ಮುದುಕರನ್ನ ಬಿಡೇ ಪಾಪ," ಎಂದರು ದೆವ್ವದ ವೇಷದ ಕುಸುಮ ಕಾಕು. ನಿವೃತ್ತ ಟೀಚರ್, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ; ಇದು ಅವರ ಮೊದಲ ಚಿತ್ರ. ಎರಡು ತಾಸು ಬಳಿದ ಬಿಳಿ ಬಣ್ಣ ಕೆಡದಂತೆ ಪಾದಗಳನ್ನು ಚಾಪೆಯ ಮೇಲಿಟ್ಟು ಕೂತಿದ್ದರು.

ಕೇತಕಿ ಊರುಗೋಲನ್ನು ನೋಡಿದಳು. ಮತ್ತೊಮ್ಮೆ ಕೇಳಿದಳು. ಹೋಗಿ ಆ ಚಪ್ಪಲಿ ಎತ್ತಿ ತಂದಳು.

*

"ಕಾರ್ಡ್ ಕೊಡಿ ಕಾಕು."

"ನಾನಾ?"

"ರೆಕಾರ್ಡಿಂಗ್‌ನಲ್ಲಿ ಚಪ್ಪಲಿ ಸದ್ದಿದೆ, ಕೋಲಿನ ಸದ್ದಿಲ್ಲ. ಅಣ್ಣಾ ಕೋಲಿಲ್ಲದೆ ಹೆಜ್ಜೆ ಇಡಲ್ಲ. ದಿಗ್ಯಾ ಕದಿಯೋದಾದರೆ ಚಪ್ಪಲಿ ಯಾಕೆ ಬೇಕು? ಕ್ಯಾಮೆರಾ ದಿನವಿಡೀ ಅವನ ಹತ್ರಾನೇ ಇರುತ್ತೆ. ಊಟದ ನಡುವೆ ಕೂದಲು ಸರಿಮಾಡ್ಕೋತೀನಿ ಅಂತ ಎದ್ದೋರು ನೀವು. ಒಳಗೆ ನೆಲದ ತುಂಬ ನಾವು ಚೆಲ್ಲಿದ ಕಾಕಂಬಿಯ ಸುಳ್ಳು ರಕ್ತ. ಬರಿಗಾಲಲ್ಲಿ ಹೋದರೆ ಪಾದದ ಬಣ್ಣ ಹೋಗುತ್ತೆ. ನಿಮ್ಮ ಚಪ್ಪಲಿ ಬಿಗಿ, ಹಾಕಿದರೂ ಬಣ್ಣ ಉಜ್ಜಿಹೋಗುತ್ತೆ. ಇದು ದೊಡ್ಡದು."

ಚಪ್ಪಲಿ ತಿರುಗಿಸಿದಳು. ಅಡಿಯಲ್ಲಿ ಕೆಂಪು ಅಂಟು. ಪಟ್ಟಿಯ ಒಳಗೆ ಬಿಳಿ ಬಣ್ಣ.

ಕಾಕು ಸೊಂಟದಿಂದ ಕಾರ್ಡ್ ತೆಗೆದರು.

"ಇದರಲ್ಲಿ ಇವತ್ತು ಬೆಳಗಿಂದು ಮಾತ್ರ ಇದೆ ಅಂದ್ಕೊಂಡಿದ್ದೆ ಕಣೇ. ಮುಖದ ತುಂಬ ಕೂದಲು ಬಿಟ್ಟಿದ್ದೀರಿ! ಗಲ್ಲಿ ಹೆಂಗಸರಿಗೆ ಇದು ನಾನೇ ಅಂದ್ರೆ ನಂಬ್ತಾರಾ? ಕಳೆದುಹೋದ್ರೆ ಮತ್ತೆ ತೆಗೀತೀರಿ, ಆಗ ಮುಖ ತೋರಿಸೋಣ ಅಂತ..."

"ಕೇಳಬಹುದಿತ್ತಲ್ಲ ಕಾಕು!"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಹೌದು, ಅನ್ನುತ್ತಿದ್ದಳು. ಕೇತಕಿ ಮೊದಲು ನಕಲು ತೆಗೆದಳು. ಆಮೇಲೆ ಕಿಟಕಿ ನೋಡಿದಳು. ಬೆಳಕು ಇನ್ನೂ ಒಂದು ತಾಸು ಇತ್ತು.

"ಏಳಿ. ಕೂದಲು ನಿಧಾನವಾಗಿ ಸರಿಸಿ, ಸುಮ್ಮನೆ ನಕ್ಕುಬಿಡಿ."

ಕಾಕು ಕೂದಲು ಸರಿಸಿದರು. ನಕ್ಕರು.

"ಅಯ್ಯೋ ತಾಯಿ ಅಂಬಾಬಾಯಿ!" ಅಣ್ಣಾಸಾಹೇಬರು ಚೀರಿದ ಸದ್ದಿಗೆ ಪಾರಿವಾಳಗಳೆಲ್ಲ ಎದ್ದವು. ಟೇಕ್ ಕೆಟ್ಟಿತು.

ಕಾಕುವಿನ ಮುಖ ಅರಳಿತು. "ಮತ್ತೆ ತೆಗೀಬೇಕಲ್ವಾ?"