ಪುಲ್ ಅಪ್ ಎಂದಿತು ಯಂತ್ರ, ಇರಿ ಎಂದ ಅವನು

"ಗುಡ್ ಆಫ್ಟರ್‌ನೂನ್, ಸರ್."

ಕಾಕ್‌ಪಿಟ್‌ನ ಎಡಸೀಟಿನಲ್ಲಿದ್ದ ಕ್ಯಾಪ್ಟನ್ ತಲೆ ಎತ್ತಿದ. ಕೋ-ಪೈಲಟ್ ಹುಡುಗಿಯ ಕೈಯಲ್ಲಿದ್ದ ಬ್ಯಾಗು ಜಾರುವುದೊಂದು ಬಾಕಿ.

ಅಯ್ಯೋ... ಇವನೇ!

ನಾಲ್ಕು ತಿಂಗಳ ಹಿಂದೆ ಸಿಮ್ಯುಲೇಟರ್ ಎಂಬ ನಕಲಿ ಕಾಕ್‌ಪಿಟ್‌ನ ತರಬೇತಿಯಲ್ಲಿ ಅವಳನ್ನು ಫೇಲ್ ಮಾಡಿದವನು. ನೆಲ ಹತ್ತಿರವಿದೆ ಎಂದು ಯಂತ್ರ ಕೂಗಿದಾಗ ಅವಳು ವಿಮಾನ ಮೇಲೆತ್ತಲು ನಾಲ್ಕು ಸೆಕೆಂಡು ತಡ ಮಾಡಿದ್ದಳು. ಅಷ್ಟಕ್ಕೇ! ಅದಕ್ಕೂ ಮೊದಲು ವಾರವಿಡೀ ಕ್ಯಾಂಟೀನಿನಲ್ಲಿ ಅವಳೆದುರು ಕೂತು ನಗುನಗುತ್ತಾ ಕಾಫಿ ಕುಡಿದವನು, ಮರುದಿನದಿಂದ ತಿರುಗಿಯೂ ನೋಡಲಿಲ್ಲ. ಅವಳು ಬೇರೊಬ್ಬರ ಬಳಿ ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಿದ್ದಳು.

ಎಲ್ಲರೂ ಅವನನ್ನು ಕರೆಯುವುದೇ 'ಗಡಿಯಾರ' ಎಂದು. ಒಂದು ಅಂಕಿ ಆಚೀಚೆ ಆಗದ ಮನುಷ್ಯ. ಇಂಥವನನ್ನು ಮೆಚ್ಚಿಕೊಂಡಳಲ್ಲ, ಅವಳಿಗೆ ಬೇರೆ ಕೆಲಸವಿರಲಿಲ್ಲವೇ!

"ಇವತ್ತು ಇಳಿಸೋದು ನೀವೇ," ಎಂದ ಅವನು, ಕಾಗದದಿಂದ ಕಣ್ಣೆತ್ತದೆ.

'ದೇವರೇ, ಇವನ ಮುಂದೆ ಒಂದೂ ತಪ್ಪಾಗದಿರಲಿ...'

ಒಂದೂವರೆ ಗಂಟೆಯ ನಂತರ ವಿಮಾನ ಮೋಡದೊಳಗೆ ಇಳಿಯತೊಡಗಿತು. ಆ ನಿಲ್ದಾಣದ ಸುತ್ತ ಗುಡ್ಡಗಳು. ಹಿಂದೆ ನೂರ ನಲವತ್ತು ಜನ.

ಇಳಿಯುವ ಊರಿನ ಗಾಳಿಯ ಒತ್ತಡದ ಅಂಕಿಯನ್ನು ಎತ್ತರದ ಮಾಪಕದಲ್ಲಿ ಕೂರಿಸಬೇಕು. ಇಲ್ಲದಿದ್ದರೆ ಮಾಪಕ ಸುಳ್ಳು ಎತ್ತರ ತೋರಿಸುತ್ತದೆ. ಕ್ಯಾಪ್ಟನ್ ಅದನ್ನು ರೇಡಿಯೋದಲ್ಲಿ ಕೇಳಿ ಬರೆದುಕೊಂಡ. ಅಷ್ಟರಲ್ಲಿ ಗಗನಸಖಿಯ ಫೋನು, ಪ್ರಯಾಣಿಕರೊಬ್ಬರಿಗೆ ಎದೆನೋವು. ಆಂಬುಲೆನ್ಸ್‌ಗೆ ಹೇಳಿ, ಫೋನಿಟ್ಟು, ಕಾಗದ ನೋಡಿ ಅವನು ಅಂಕಿ ಓದಿ ತನ್ನ ಮಾಪಕದಲ್ಲಿ ಕೂರಿಸಿದ. ಅವಳೂ ಅದನ್ನೇ ಕೂರಿಸಿದಳು.

ನಿಯಮದಂತೆ ಆ ಕಾಗದವನ್ನು ಅವಳು ಕಣ್ಣಾರೆ ನೋಡಬೇಕಿತ್ತು. 'ಗಡಿಯಾರ ತಪ್ಪುತ್ತದೆಯೇ?' ಎಂದುಕೊಂಡು ಸುಮ್ಮನಾದಳು.

ಕಿಟಕಿಯಾಚೆ ಬರೀ ಬಿಳುಪು.

"ಟೆರೇನ್! ಟೆರೇನ್!"

ನೆಲ ಹತ್ತಿರವಿದೆ ಎಂಬ ಯಂತ್ರದ ಕೂಗು. ಅವಳು ಮಾಪಕ ನೋಡಿದಳು. ಎತ್ತರ ಇರಬೇಕಾದಷ್ಟೇ ಇತ್ತು!

"ಇರಿ..." ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದ. "ಎತ್ತರ ಸರಿಯಾಗೇ ಇದೆಯಲ್ಲ. ಸುಳ್ಳು ಎಚ್ಚರಿಕೆ ಇರ್ಬೇಕು..."

"ಪುಲ್ ಅಪ್! ಪುಲ್ ಅಪ್!"

ಮೇಲೆತ್ತು ಎನ್ನುತ್ತಿದೆ ಯಂತ್ರ. ಯಾರ ಮಾತು ಕೇಳಲಿ? ಎಂದೂ ತಪ್ಪದ ಇವನದ್ದೋ, ಯಂತ್ರದ್ದೋ?

'ಬೇಕಾದ್ರೆ ಇನ್ನೊಂದ್ಸಲ ಫೇಲ್ ಮಾಡ್ಲಿ!'

ಆಟೋಪೈಲಟ್ ತೆಗೆದಳು. ಇಂಜಿನ್‌ಗಳಿಗೆ ಪೂರ್ತಿ ಶಕ್ತಿ ಕೊಟ್ಟು ವಿಮಾನದ ಮೂತಿ ಎತ್ತಿದಳು. ಮೈ ಸೀಟಿಗೆ ಒತ್ತಿಕೊಂಡಿತು.

"ನೆಲದಿಂದ ಎಷ್ಟು ಮೇಲಿದೀವಿ? ಹೇಳಿ ಸರ್!"

ಅವನು ಬೆಚ್ಚಿ ಇನ್ನೊಂದು ಮಾಪಕದತ್ತ ತಿರುಗಿದ. ಅದು ಕೆಳಗಿನ ನೆಲವನ್ನೇ ನೇರವಾಗಿ ಅಳೆಯುತ್ತದೆ.

"ಮುನ್ನೂರು ಅಡಿ... ಇನ್ನೂರ ಅರವತ್ತು..."

ಕಡಿಮೆಯಾಗುತ್ತಿದೆ! ಇವರು ಏರುತ್ತಿದ್ದರೂ ಗುಡ್ಡ ಇನ್ನೂ ಬೇಗ ಏರುತ್ತಿದೆ!

"ಇನ್ನೂರ ಹತ್ತು..."

ಮೋಡದ ಸೀಳಿನಲ್ಲಿ ಕಂಡೇಬಿಟ್ಟಿತು. ಒದ್ದೆ ಬಂಡೆಗಳು, ನಡುವೆ ಯಾರೋ ನಡೆದು ಸವೆಸಿದ ಕಾಲುದಾರಿ. ಅವಳು ಕೈ ಸಡಿಲಿಸಲಿಲ್ಲ.

"ಇನ್ನೂರ ಐವತ್ತು... ನಾನೂರು... ಎಂಟುನೂರು..."

ಯಂತ್ರ ಸುಮ್ಮನಾಯಿತು.

ಕ್ಯಾಪ್ಟನ್ ಕಾಗದ ಹಿಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ. "ಹೊರಟ ಊರಿನ ಅಂಕಿ ಓದ್ಬಿಟ್ಟಿದೀನಿ. ಹೊಸದು ಅದರ ಕೆಳಗೇ ಇದೆ. ಇರಬೇಕಾದ್ದಕ್ಕಿಂತ ಐನೂರು ಅಡಿ ಕೆಳಗಿದ್ವಿ ನಾವು..."

"ಆ ಕಾಗದ ಕೊಡಿ, ಸರ್." ಈ ಸಲ ಅವಳೇ ಓದಿದಳು. ಇಬ್ಬರೂ ಸರಿಯಾದ ಅಂಕಿ ಕೂರಿಸಿದರು. ಸುತ್ತಿ ಬಂದು, ಅವಳೇ ಇಳಿಸಿದಳು.

ಎದೆನೋವಿನ ಪ್ರಯಾಣಿಕರು ಆಂಬುಲೆನ್ಸ್ ಹತ್ತುವವರೆಗೆ ಇಬ್ಬರೂ ಕಿಟಕಿಯಲ್ಲೇ ನಿಂತಿದ್ದರು. ಆಮೇಲೆ ಸಿಬ್ಬಂದಿ ಕೋಣೆಯಲ್ಲಿ ಅವನು ವರದಿ ಬರೆದು ಅವಳತ್ತ ಸರಿಸಿದ. 'ತಪ್ಪು ನನ್ನದು. ಎಚ್ಚರಿಕೆ ಬಂದಾಗಲೂ ವಿಮಾನ ಮೇಲೆತ್ತುವುದನ್ನು ತಡೆಯಲು ನೋಡಿದೆ. ಎಲ್ಲರನ್ನೂ ಉಳಿಸಿದ್ದು ಕೋ-ಪೈಲಟ್.'

ಅವಳು ಪೆನ್ನು ತೆಗೆದು ಕೆಳಗೆ ಸೇರಿಸಿದಳು: 'ಅಂಕಿ ಪರೀಕ್ಷಿಸದೇ ಹೋದದ್ದು ನನ್ನ ತಪ್ಪು.'

"ಅದ್ಯಾಕೆ ಬರೀತೀರಿ?"

"ನಿಜ ಅಲ್ವಾ? ನಿಮ್ಮೇಲೆ ಕೋಪ ಇತ್ತು. ಆದ್ರೂ ನಂಬಿಕೆ ಹೋಗಿರ್ಲಿಲ್ಲ... ಅದೇ ಎಡವಟ್ಟಾಯ್ತು."

ಅವನು ವರದಿಯನ್ನು ಮಡಿಸಿ ಪಕ್ಕಕ್ಕಿಟ್ಟ.

"ಸಿಮ್ಯುಲೇಟರ್‌ನಲ್ಲಿ ಯಂತ್ರ ಕೂಗಿದಾಗ ನೀವು ನನ್ನ ಮುಖ ನೋಡಿದ್ರಿ, ಎತ್ಲಾ ಅಂತ ಕೇಳೋ ಹಾಗೆ. ನಂಗೆ... ಖುಷಿಯಾಯ್ತು. ಅದಕ್ಕೇ ಹೆದರಿಕೆಯಾಯ್ತು. ನನ್ನ ನಂಬ್ಕೊಂಡು ನಿಮ್ಗೇನಾದ್ರೂ ಆಗ್ಬಿಟ್ರೆ? ಫೇಲ್ ಮಾಡ್ದೆ. ಆಮೇಲೆ ಯಾವ ಮುಖ ಇಟ್ಕೊಂಡು ಮಾತಾಡ್ಸ್ಲಿ?"

"ನಾಲ್ಕು ತಿಂಗಳು ಸರ್! ನಾಲ್ಕು ತಿಂಗಳು ನಾನು ಅತ್ತಿದೀನಿ!" ಕಣ್ಣು ಮತ್ತೆ ತುಂಬಿತು. ಇವತ್ತು ತಡೆದಿಟ್ಟ ಭಯವೆಲ್ಲ ಅದರ ಜೊತೆಗೇ ಹರಿಯಿತು. ಅವನು ಅವಳ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡ.

"ನಿಮ್ಮನ್ನ ಪ್ರೀತಿಸ್ತೀನಿ," ಎಂದ. "ಇದನ್ನ ಕಾಗದ ನೋಡಿ ಓದ್ತಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನಾನೂ..."

ಅವಳ ಫೋನು ಅದುರಿತು. ಅಮ್ಮ.

"ಇಳಿದೆ ಕಣಮ್ಮ. ಸ್ವಲ್ಪ ತಡವಾಯ್ತು ಅಷ್ಟೇ. ಆಮೇಲೆ ಎಲ್ಲ ಹೇಳ್ತೀನಿ."

ಅವಳು ಫೋನಿಡುವವರೆಗೆ ಅವನು ಕಾದ.

"ತನಿಖೆ ಮುಗಿಯೋವರೆಗೂ ನಮ್ಮಿಬ್ಬರನ್ನೂ ಹಾರೋಕೆ ಬಿಡಲ್ಲ. ನಿಮ್ಮನ್ನ ಬೇಗ ವಾಪಸ್ ಹಾರೋಕೆ ಕರೀತಾರೆ. ಆಗ ನಾನು ಕೆಳಗೆ ಕೂತು ಕಾಯ್ಬೇಕು... ಹೇಗೋ ಏನೋ."

"ಇಳಿದ ತಕ್ಷಣ ಫೋನ್ ಮಾಡ್ತೀನಿ."

"ಮೊದಲು ನಂಗೇನಾ?"

"ಊಹೂಂ, ಮೊದಲು ಅಮ್ಮನಿಗೆ. ಎರಡನೇದು ನಿಮ್ಗೆ."

"ಸಾಕು," ಎಂದ ಅವನು. "ಜೀವನ ಪೂರ್ತಿ ಆ ಎರಡನೇ ಫೋನ್ ಬರ್ತಾ ಇದ್ರೆ ಸಾಕು."